ಕಡಲಿಲ್ಲದ ಊರಿಗೂ ಕಡಲ ಋಣ: ಕರಾವಳಿಯ ತೈಲ ಸಾಗಣೆಯ ಲಾಭ ಮತ್ತು ಅಪಾಯ

ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಕನ್ನಡಿಗರಾದ ನಮಗೆ ಸಮುದ್ರವೆಂಬುದು ಬಹುದೂರದ ಮಾತು. ನಮ್ಮ ನೀರಿನ ಚಿಂತೆಯೆಲ್ಲ ಭೀಮಾ, ಸೀನಾ, ಬೋರಿ ನದಿಗಳ ಹರಿವು, ಕುರನೂರು ಅಣೆಕಟ್ಟಿನ ಸಂಗ್ರಹ, ಉಜನಿಯ ನೀರಿನ ಸರದಿ ಇವುಗಳ ಸುತ್ತಲೇ ಇರುತ್ತದೆ. ಹೀಗಾಗಿ ಕೇರಳದ ಕಡಲಲ್ಲಿ ಹಡಗೊಂದು ಮುಳುಗಿತು, ಮುಂಬಯಿ ಬಂದರಿನಲ್ಲಿ ತೈಲ ಸೋರಿತು ಎಂಬ ವಾರ್ತೆ ಬಂದಾಗ ನೆರೆಯವರ ಕಷ್ಟವೆಂಬಂತೆ ಓದಿ ಮುಂದಿನ ಸುದ್ದಿಗೆ ಹೋಗುತ್ತೇವೆ. ಆದರೆ ಆ ತೈಲದಲ್ಲಿ ನಮ್ಮ ಪಾಲೂ ಇದೆ. ಕರಾವಳಿಯ ತೈಲ ಸಾಗಣೆ ದೇಶಕ್ಕೆ ಲಾಭವೋ, ಪರಿಸರಕ್ಕೆ ಕುತ್ತೋ ಎಂಬ ಚರ್ಚೆಯಲ್ಲಿ ಒಳನಾಡಿನವರಾದ ನಾವೂ ಕಕ್ಷಿದಾರರೇ. ಆ ಚರ್ಚೆಯ ಎರಡೂ ಪಕ್ಷಗಳನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಪಾಕಣಿಯವರೆಗಿನ ದಾರಿ

ಪುಣೆ ಹೆದ್ದಾರಿಯಲ್ಲಿ ಸೊಲ್ಲಾಪುರ ನಗರಕ್ಕೆ ಸಮೀಪವಿರುವ ಪಾಕಣಿ ಗ್ರಾಮವನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಅಲ್ಲಿನ ತೈಲ ಸಂಗ್ರಹಾಗಾರಗಳಿಂದ ಟ್ಯಾಂಕರ್ ಲಾರಿಗಳು ಸುತ್ತಮುತ್ತಲಿನ ಪೆಟ್ರೋಲ್ ಪಂಪುಗಳಿಗೆ ಹೊರಡುತ್ತವೆ. ಹಿಂದುಸ್ತಾನ್ ಪೆಟ್ರೋಲಿಯಂ ಸಂಸ್ಥೆಯ ಮುಂಬಯಿ–ಪುಣೆ–ಸೊಲ್ಲಾಪುರ ಕೊಳವೆ ಮಾರ್ಗದ ಒಟ್ಟು ಉದ್ದ 508 ಕಿಲೋಮೀಟರ್. ಅದರ ಕೊನೆಯ ತಾಣ ಈ ಪಾಕಣಿ. ಮುಂಬಯಿಯಲ್ಲಿ ಶುದ್ಧೀಕರಣಗೊಂಡ ಪೆಟ್ರೋಲು, ಡೀಸೆಲ್ಲುಗಳು ಘಟ್ಟವನ್ನು ಹತ್ತಿ, ಹೊಲಗದ್ದೆಗಳ ಅಡಿಯಲ್ಲಿ ಹರಿದು ಇಲ್ಲಿಗೆ ಬರುತ್ತವೆ.

ಮುಂಬಯಿಯ ಶುದ್ಧೀಕರಣಾಗಾರಗಳಿಗೆ ಕಚ್ಚಾ ತೈಲ ಬರುವುದು ಸಮುದ್ರದ ಕಡೆಯಿಂದ. ಒಂದು ಪಾಲು 1974ರಲ್ಲಿ ಪತ್ತೆಯಾದ ಮುಂಬೈ ಹೈ ನಿಕ್ಷೇಪದ್ದು. ಹೊರದೇಶದ ತೈಲವನ್ನು ಹಡಗುಗಳು ಮುಂಬಯಿ ಬಂದರಿನ ಜವಾಹರ ದ್ವೀಪಕ್ಕೆ ತಂದು ಇಳಿಸುತ್ತವೆ. ಭಾರತ ಬಳಸುವ ಕಚ್ಚಾ ತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚು ಭಾಗ ಆಮದಾದದ್ದು. ಅದು ಬರುವುದು ಹಡಗಿನಲ್ಲಿ. ದುಧನಿಯ ಮಾರುಕಟ್ಟೆಗೆ ಧಾನ್ಯ ಹೊರುವ ಲಾರಿ, ಕಬ್ಬು ಸಾಗಿಸುವ ಟ್ರ್ಯಾಕ್ಟರ್, ಸ್ವಾಮಿ ಸಮರ್ಥರ ದರ್ಶನಕ್ಕೆ ಭಕ್ತರನ್ನು ಕರೆತರುವ ಬಸ್ಸು, ಸೊಲ್ಲಾಪುರದ ಚಾದರ ಹೊತ್ತು ಪರಸ್ಥಳಕ್ಕೆ ಹೊರಡುವ ವಾಹನ ಇವೆಲ್ಲವೂ ಹೀಗೆ ಕಡಲಿನ ಋಣದಲ್ಲಿವೆ. ಲಾಭವು ಕೊಳವೆಯಲ್ಲಿ ಹರಿದು ನಮ್ಮವರೆಗೆ ಬರುತ್ತದೆ. ಅಪಾಯವು ದಡದಲ್ಲಿಯೇ ಉಳಿಯುತ್ತದೆ. ಈ ವಿಷಯದ ಮೂಲ ಪ್ರಶ್ನೆ ಇರುವುದು ಈ ಅಸಮತೆಯಲ್ಲಿ.

ಹಡಗಿನ ಪರವಾದ ವಾದ

ಮೊದಲು ಲಾಭದ ಪಕ್ಷವನ್ನು ನೋಡೋಣ. ನಮ್ಮ ಕರಾವಳಿಯಲ್ಲಿ ತೈಲ ಸಾಗಣೆ ಎರಡು ವಿಧ. ಕಚ್ಚಾ ತೈಲವನ್ನು ವಿದೇಶದಿಂದ ತರುವುದು ಒಂದು. ಒಂದು ಬಂದರಿನಲ್ಲಿ ಸಿದ್ಧವಾದ ಪೆಟ್ರೋಲ್, ಡೀಸೆಲ್, ನಾಫ್ತಾ ಮುಂತಾದವನ್ನು ಇನ್ನೊಂದು ಬಂದರಿಗೆ ಒಯ್ಯುವುದು ಮತ್ತೊಂದು. ಮೊದಲನೆಯದಕ್ಕೆ ಸದ್ಯ ಪರ್ಯಾಯವಿಲ್ಲ. ಎರಡನೆಯದಕ್ಕೆ ಪರ್ಯಾಯವೆಂದರೆ ಕೊಳವೆ, ರೈಲು ಅಥವಾ ರಸ್ತೆ.

ಒಂದು ಸರಳ ಲೆಕ್ಕ ಹಾಕೋಣ. ಮಧ್ಯಮ ಗಾತ್ರದ ಹಡಗೊಂದು 30,000 ಟನ್ ಡೀಸೆಲ್ ಹೊತ್ತಿದೆ ಎಂದುಕೊಂಡರೆ ಅದು ಸುಮಾರು 36,000 ಕಿಲೋಲೀಟರ್ ಆಗುತ್ತದೆ. 20 ಕಿಲೋಲೀಟರ್ ಹಿಡಿಯುವ ಟ್ಯಾಂಕರ್ ಲಾರಿಗಳಲ್ಲಿ ಅದನ್ನು ಸಾಗಿಸಲು 1,800 ಲಾರಿಗಳು ಬೇಕು. ರೈಲಿನಲ್ಲಾದರೆ ಹತ್ತಕ್ಕೂ ಹೆಚ್ಚು ಪೂರ್ಣ ಗಾಡಿಗಳು ಬೇಕಾದಾವು. ಪ್ರತಿ ಟನ್ನಿಗೆ ತಗಲುವ ಖರ್ಚಿನಲ್ಲಿಯೂ, ಸಾಗಣೆಗೆ ಸುಡುವ ಇಂಧನದಲ್ಲಿಯೂ ಹಡಗು ರಸ್ತೆಗಿಂತ ಬಹಳ ಮಿತವ್ಯಯಿ. ರಸ್ತೆಯಲ್ಲಿ ಟ್ಯಾಂಕರ್ ಲಾರಿ ಉರುಳಿ ಬೆಂಕಿ ಹತ್ತಿದ ದುರಂತಗಳನ್ನು ಕಂಡವರಿಗೆ, ಇಷ್ಟು ಲಾರಿಗಳು ರಸ್ತೆಗಿಳಿಯದಿರುವುದೂ ಒಂದು ಸುರಕ್ಷತೆಯೇ ಎಂದು ಬೇರೆ ಹೇಳಬೇಕಿಲ್ಲ.

ಕರ್ನಾಟಕದ ಉದಾಹರಣೆಯೂ ಇದೆ. 1974ರಲ್ಲಿ ಪ್ರಮುಖ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿನ ಆಸರೆಯಲ್ಲಿ ಮಂಗಳೂರು ರಿಫೈನರಿ ಬೆಳೆಯಿತು. ಇಂದು ಅದರ ವಾರ್ಷಿಕ ಸಾಮರ್ಥ್ಯ 1.5 ಕೋಟಿ ಟನ್. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಕೊಳವೆ ಮಾರ್ಗವಿದೆ. ಆಪತ್ಕಾಲಕ್ಕೆಂದು ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಭೂಗತ ಶಿಲಾಗಹ್ವರಗಳನ್ನು ಕೊರೆಯಲಾಗಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ಯುದ್ಧದ ಮೋಡ ಕವಿದಾಗಲೆಲ್ಲ ಈ ದಾಸ್ತಾನಿನ ಬೆಲೆ ತಿಳಿಯುತ್ತದೆ. ಕರಾವಳಿ ಹಡಗು ಸಾಗಣೆಯನ್ನು ಉತ್ತೇಜಿಸಲೆಂದೇ ಸಂಸತ್ತು 2025ರಲ್ಲಿ ಪ್ರತ್ಯೇಕ ಕಾಯಿದೆಯನ್ನೂ ಅಂಗೀಕರಿಸಿತು.

ಸುರಕ್ಷತೆಯೂ ಸುಧಾರಿಸಿದೆಯೆಂಬ ವಾದದಲ್ಲಿ ಸತ್ಯವಿದೆ. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನಿಂದ ಸುಮಾರು 37,000 ಟನ್ ತೈಲ ಸೋರಿದ ತರುವಾಯ ತೈಲದ ಹಡಗುಗಳಿಗೆ ಎರಡು ಪದರದ ಒಡಲು ಇರಬೇಕೆಂಬ ನಿಯಮ ಜಗತ್ತಿನಾದ್ಯಂತ ಜಾರಿಗೆ ಬಂದಿತು. ಹೊರಗಿನ ತಗಡು ಹರಿದರೂ ಒಳಗಿನದು ತೈಲವನ್ನು ಹಿಡಿದಿಡುತ್ತದೆ. 1970ರ ದಶಕದಲ್ಲಿ ತೈಲದ ಹಡಗುಗಳಿಂದ ಏಳು ಟನ್ನಿಗೆ ಮೀರಿದ ಸೋರಿಕೆಗಳು ವರ್ಷಕ್ಕೆ ಸರಾಸರಿ ಎಂಬತ್ತರ ಹತ್ತಿರವಿದ್ದವು. 2010ರ ದಶಕದಲ್ಲಿ ಅವು ಆರೇಳಕ್ಕೆ ಇಳಿದವು.

ಅಪಾಯದ ಸ್ವರೂಪ

ಇಷ್ಟಾದರೂ ಭಯವೇಕೆ? ತೈಲವು ನೀರಿಗೆ ಬಿದ್ದ ಮೇಲೆ ಏನಾಗುತ್ತದೆಂಬುದನ್ನು ತಿಳಿದರೆ ಇದಕ್ಕೆ ಉತ್ತರ ಸಿಗುತ್ತದೆ. ಪೆಟ್ರೋಲ್, ನಾಫ್ತಾದಂತಹ ಹಗುರ ತೈಲಗಳು ಬಹುಪಾಲು ಆವಿಯಾಗಿ ಹೋಗುತ್ತವೆ. ಅಲ್ಲಿ ಬೆಂಕಿಯ ಮತ್ತು ವಿಷಗಾಳಿಯ ಅಂಜಿಕೆ ಹೆಚ್ಚು. ಹಡಗಿನ ಯಂತ್ರಕ್ಕೆ ಬಳಸುವ ಫರ್ನೇಸ್ ಆಯಿಲ್ ಹಾಗಲ್ಲ. ಅದು ಕಾಕಂಬಿಯಂತೆ ಗಟ್ಟಿ. ಅಲೆಗಳ ಹೊಡೆತಕ್ಕೆ ನೀರಿನೊಡನೆ ಕಲಸಿ ತನ್ನ ಮೂಲ ಗಾತ್ರಕ್ಕಿಂತ ಹಲವು ಪಟ್ಟು ಉಬ್ಬುತ್ತದೆ. ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚುವ ಉಸಿರುಬೇರುಗಳಿಗೆ ಮೆತ್ತಿಕೊಂಡು ಗಿಡವನ್ನೇ ಕಟ್ಟುಸಿರು ಮಾಡುತ್ತದೆ. ಏಡಿ, ಸಿಗಡಿ, ಮರಿಮೀನುಗಳು ಬೆಳೆಯುವುದು ಅದೇ ಬೇರುಗಳ ಸಂದಿನಲ್ಲಿ. ಉಳಿದ ಅಂಶ ಡಾಂಬರಿನ ಉಂಡೆಗಳಾಗಿ ತೀರಕ್ಕೆ ಬಂದು ಬೀಳುತ್ತದೆ.

ನಮ್ಮ ಅನುಭವದಿಂದ ಹೇಳುವುದಾದರೆ, ಕುರನೂರು ಅಣೆಕಟ್ಟಿನಲ್ಲಿ ಒಂದು ಲಾರಿ ಎಣ್ಣೆ ಮಗುಚಿದರೆ ಅಕ್ಕಲಕೋಟೆಯ ನೀರಿನ ಗತಿಯೇನು ಎಂದು ಊಹಿಸಿಕೊಳ್ಳಬಹುದು. ಮೀನುಗಾರನಿಗೆ ಕಡಲು ನಮಗೆ ಕೆರೆಯಿದ್ದಂತೆ, ಹೊಲವಿದ್ದಂತೆ. ವ್ಯತ್ಯಾಸವಿಷ್ಟೇ: ಹೊಲಕ್ಕೆ ಪಹಣಿ ಪತ್ರವಿದೆ, ಕಡಲಿಗಿಲ್ಲ. ಹಾನಿಯಾದಾಗ ತನ್ನ ಪಾಲೆಷ್ಟು ಎಂದು ತೋರಿಸಲು ಮೀನುಗಾರನ ಕೈಯಲ್ಲಿ ಕಾಗದವಿರುವುದಿಲ್ಲ.

ತೈಲದ್ದಲ್ಲದ ಹಡಗಿನ ತೈಲ

ಈ ಚರ್ಚೆಯಲ್ಲಿ ಸಾಮಾನ್ಯವಾಗಿ ಮರೆಯಾಗುವ ಸಂಗತಿಯೊಂದಿದೆ. ನಮ್ಮ ಪಶ್ಚಿಮ ಕರಾವಳಿಯನ್ನು ಈಚಿನ ದಶಕಗಳಲ್ಲಿ ಕಾಡಿದ ಸೋರಿಕೆಗಳಲ್ಲಿ ಹಲವು ತೈಲ ಸಾಗಿಸುವ ಹಡಗುಗಳಿಂದ ಆದವಲ್ಲ.

2006ರ ಮೇ 30ರಂದು ಕಾರವಾರದ ಬಳಿ ಬಂಡೆಗಳಿಗೆ ಸಿಕ್ಕಿದ ಓಷನ್ ಸೆರಾಯಾ ಸರಕು ಹಡಗು; ಅದರ ಇಂಧನ ಕಾರವಾರದ ತೀರಕ್ಕೂ ಗೋವಾದ ಗಡಿಯ ತೀರಕ್ಕೂ ಹರಡಿತು. 2010ರ ಆಗಸ್ಟ್ 7ರಂದು ಮುಂಬಯಿ ಬಂದರಿನ ಹೊರಗೆ ಖಲೀಜಿಯಾ ಹಡಗಿಗೆ ಡಿಕ್ಕಿಯಾಗಿ ವಾಲಿದ ಎಂಎಸ್‌ಸಿ ಚಿತ್ರಾ ಕಂಟೇನರ್ ಹಡಗು. ಅದರಿಂದ ಸುಮಾರು 800 ಟನ್ ತೈಲ ಸೋರಿತು, ಬಂದರುಗಳ ಸಂಚಾರ ಕೆಲದಿನ ನಿಂತಿತು, ಮುಂಬಯಿ ಸುತ್ತಲಿನ ಕಾಂಡ್ಲಾ ವನಗಳು ಕಪ್ಪಾದವು. ಮರುವರ್ಷ ಆಗಸ್ಟ್ 4ರಂದು ಅದೇ ಕಡಲಲ್ಲಿ ಮುಳುಗಿದ ಎಂವಿ ರಾಕ್ ಹೊತ್ತಿದ್ದುದು 60,000 ಟನ್ನಿಗೂ ಹೆಚ್ಚು ಕಲ್ಲಿದ್ದಲು. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ, ಕಾಸರಗೋಡಿನ ಗಡಿಗೆ ಸಮೀಪದಲ್ಲಿ ಮುಳುಗಿದ ಪ್ರಿನ್ಸೆಸ್ ಮಿರಾಲ್ ಹೊತ್ತಿದ್ದುದು ಉಕ್ಕಿನ ಸುರುಳಿ. 2025ರ ಮೇ 25ರಂದು ಕೊಚ್ಚಿಯ ಆಚೆ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೇನರುಗಳೊಂದಿಗೆ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇದ್ದವು. ಹದಿನೈದು ದಿನಗಳಲ್ಲಿಯೇ, ಜೂನ್ 9ರಂದು, ಕೇರಳದ ಉತ್ತರ ಕಡಲಲ್ಲಿ ವಾನ್ ಹಾಯ್ 503 ಹಡಗಿಗೆ ಬೆಂಕಿ ಬಿದ್ದಿತು. 22 ಸಿಬ್ಬಂದಿಯಲ್ಲಿ ಪಾರಾದ 18 ಮಂದಿಯನ್ನು ಕರೆತಂದದ್ದು ಮಂಗಳೂರಿಗೆ.

ಹತ್ತಿ, ಕಲ್ಲಿದ್ದಲು, ಉಕ್ಕು, ಯಾವುದನ್ನೇ ಹೊತ್ತಿರಲಿ, ಪ್ರತಿಯೊಂದು ದೊಡ್ಡ ಹಡಗೂ ತನ್ನ ಯಂತ್ರಕ್ಕಾಗಿ ನೂರಾರು ಟನ್ ಎಣ್ಣೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ಚಲಿಸುವ ಉಗ್ರಾಣ. ಎರಡು ಪದರದ ನಿಯಮ ಮೊದಲು ಬಂದದ್ದು ತೈಲದ ಹಡಗುಗಳಿಗೆ. ಇತರ ಹಡಗುಗಳ ಇಂಧನ ತೊಟ್ಟಿಗೂ ರಕ್ಷಣಾ ಪದರ ಬೇಕೆಂಬ ನಿಯಮ ಅನ್ವಯವಾಗುವುದು 2010ರ ಆಗಸ್ಟ್ ನಂತರ ಹಸ್ತಾಂತರಗೊಂಡ ಹಡಗುಗಳಿಗೆ ಮಾತ್ರ. ಎಂಎಸ್‌ಸಿ ಚಿತ್ರಾ 1980ರಲ್ಲಿ, ಎಲ್ಸಾ 3 1997ರಲ್ಲಿ ಕಟ್ಟಿದವು.

ಹಾಗೆಂದು ತೈಲದ ಹಡಗುಗಳು ನಿರಪಾಯಕರವೆಂದಲ್ಲ. 2017ರ ಜನವರಿ 28ರಂದು ಚೆನ್ನೈ ಬಳಿಯ ಎಣ್ಣೂರಿನಲ್ಲಿ ಎರಡು ಟ್ಯಾಂಕರ್ ಹಡಗುಗಳು ಡಿಕ್ಕಿ ಹೊಡೆದಾಗ ಸೋರಿಕೆ ಅತ್ಯಲ್ಪವೆಂದು ಮೊದಲು ಹೇಳಲಾಗಿತ್ತು. ಕೊನೆಗೆ ದಡಕ್ಕೆ ಬಂದ ಗಟ್ಟಿ ಎಣ್ಣೆಯನ್ನು ಸ್ವಯಂಸೇವಕರು ಬಕೆಟ್ಟುಗಳಲ್ಲಿ ಮೊಗೆಯಬೇಕಾಯಿತು. 2019ರ ಅಕ್ಟೋಬರ್‌ನಲ್ಲಿ ನಾಫ್ತಾ ತುಂಬಿದ್ದ ನು ಶಿ ನಳಿನಿ ಎಂಬ ಹಡಗು, ಒಳಗೆ ಒಬ್ಬ ನಾವಿಕನೂ ಇಲ್ಲದ ಸ್ಥಿತಿಯಲ್ಲಿ, ಗಾಳಿಗೆ ತೇಲಿ ಗೋವಾದ ದೋನಾಪಾವ್ಲಾ ಬಳಿ ನೆಲಕಚ್ಚಿತು. ನಾಫ್ತಾವನ್ನು ಹೊರತೆಗೆದ ಮೇಲೆಯೇ ಗೋವಾದವರು ನಿಟ್ಟುಸಿರು ಬಿಟ್ಟರು. ನಮಗೆ ತೈಲ ಬರುವ ಜವಾಹರ ದ್ವೀಪದಲ್ಲಿಯೂ 2017ರ ಅಕ್ಟೋಬರ್‌ನಲ್ಲಿ ಸಿಡಿಲು ಬಡಿದು ಡೀಸೆಲ್ ತೊಟ್ಟಿಗೆ ಬೆಂಕಿ ಬಿದ್ದು, ಅದನ್ನು ನಂದಿಸಲು ದಿನಗಳೇ ಹಿಡಿದವು.

ಮುಂಗಾರಿನ ತಿಂಗಳುಗಳು

ಮೇಲಿನ ಹಡಗು ಅವಘಡಗಳ ತಿಂಗಳುಗಳನ್ನು ಓದುಗರು ಇನ್ನೊಮ್ಮೆ ಗಮನಿಸಬೇಕು. ಪಶ್ಚಿಮ ಕರಾವಳಿಯ ಬಹುಪಾಲು ಘಟನೆಗಳು ಮೇ ಕೊನೆಯಿಂದ ಆಗಸ್ಟ್‌ವರೆಗಿನವು. ನಮ್ಮ ರೈತ ಯಾವ ಮಳೆಗಾಗಿ ಮುಗಿಲು ನೋಡುತ್ತಾನೋ ಆ ಮುಂಗಾರು ಕಡಲಲ್ಲಿ ಬಿರುಗಾಳಿಯಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮಹಾರಾಷ್ಟ್ರ, ಕರ್ನಾಟಕಗಳ ಯಾಂತ್ರಿಕ ದೋಣಿಗಳು ಮೀನುಗಾರಿಕೆ ನಿಲ್ಲಿಸುತ್ತವೆ. ಅನೇಕ ಮೀನುಗಳು ಮೊಟ್ಟೆಯಿಡುವ ಕಾಲವದು. ಬಡ ಮೀನುಗಾರ ಮುಂದಿನ ವರ್ಷದ ಮೀನಿಗಾಗಿ ಎರಡು ತಿಂಗಳ ದುಡಿಮೆ ಬಿಟ್ಟು ದಡದಲ್ಲಿ ಕುಳಿತಿರುವಾಗ, ಅದೇ ಕಡಲಲ್ಲಿ ಹಳೆಯ ಹಡಗುಗಳು ಸಂಚರಿಸುತ್ತಲೇ ಇರುತ್ತವೆ. ಅಲೆಗಳ ಅಬ್ಬರದಲ್ಲಿ ತೈಲವನ್ನು ಸುತ್ತುಗಟ್ಟುವ ತೇಲುಬೇಲಿಗಳೂ ಕೆಲಸಕ್ಕೆ ಬರುವುದಿಲ್ಲ. ಆದ್ದರಿಂದ ಮುಂಗಾರಿನಲ್ಲಿ ಸೋರಿದ ಮೇಲೆ ಬಳಿಯುವುದಕ್ಕಿಂತ, ಯಂತ್ರ ಕೆಟ್ಟ ಹಡಗನ್ನು ದಡ ಮುಟ್ಟುವ ಮೊದಲೇ ಎಳೆದೊಯ್ಯುವ ಬಲವಾದ ಟಗ್‌ಗಳು ಮುಖ್ಯ.

ನಷ್ಟ ಯಾರದು, ಹಣ ಯಾರದು?

ಅಪಾಯವನ್ನು ಹೊತ್ತವರಿಗೆ ಪರಿಹಾರ ಸಿಗುವುದಾದರೆ ಲಾಭವನ್ನು ನ್ಯಾಯವೆನ್ನಬಹುದು. ಅಂತಾರಾಷ್ಟ್ರೀಯ ಒಪ್ಪಂದಗಳಲ್ಲಿ ತೈಲದ ಹಡಗುಗಳಿಗೆ ಎರಡು ಹಂತದ ವ್ಯವಸ್ಥೆಯಿದೆ: ಮೊದಲು ಹಡಗಿನ ಒಡೆಯನ ವಿಮೆ, ಅದು ಸಾಲದಿದ್ದರೆ ತೈಲ ಆಮದುದಾರರ ವಂತಿಗೆಯಿಂದ ಕಟ್ಟಿದ ನಿಧಿ. ಭಾರತ ಇವೆರಡರ ಸದಸ್ಯ ರಾಷ್ಟ್ರ. ಆದರೆ ಸರಕು ಹಡಗಿನ ಸ್ವಂತ ಇಂಧನ ಸೋರಿದರೆ ಇರುವುದು ವಿಮೆಯ ಹಂತ ಮಾತ್ರ. ಅದಕ್ಕೂ ಹಡಗಿನ ಗಾತ್ರವನ್ನು ಅವಲಂಬಿಸಿದ ಮಿತಿಯಿದೆ, ಎರಡನೆಯ ನಿಧಿಯ ಆಸರೆಯಿಲ್ಲ. ನಮ್ಮ ಕರಾವಳಿಯನ್ನು ಮತ್ತೆ ಮತ್ತೆ ಕಾಡುವ ಬಗೆಯ ಸೋರಿಕೆಗೇ ರಕ್ಷಣೆ ತೆಳುವಾಗಿದೆ.

ಎಂವಿ ರಾಕ್ ಮುಳುಗಿದ್ದು 2011ರಲ್ಲಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಡಗಿನ ಕಡೆಯವರು 100 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿದ್ದು 2016ರಲ್ಲಿ. ಎಲ್ಸಾ 3 ಪ್ರಕರಣದಲ್ಲಿ ಕೇರಳ ಸರ್ಕಾರ ಹೈಕೋರ್ಟಿನ ಮುಂದೆ 9,531 ಕೋಟಿ ರೂಪಾಯಿಯ ದಾವೆ ಹೂಡಿತು. ಬಾಧಿತ ಮೀನುಗಾರ ಕುಟುಂಬಕ್ಕೆ ತಕ್ಷಣ ಘೋಷಿಸಿದ್ದು ಸಾವಿರ ರೂಪಾಯಿ ಮತ್ತು 6 ಕಿಲೋ ಅಕ್ಕಿ. ದಾವೆಯ ಮೊತ್ತಕ್ಕೂ ಮನೆಯ ಮಡಕೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ಮೀನಿನಲ್ಲಿ ವಿಷವಿದೆಯೆಂಬ ವದಂತಿಯಿಂದ ಬೇಡಿಕೆ ಕುಸಿದರೆ ಆಗುವ ನಷ್ಟವನ್ನು ಅಳೆಯುವವರು ಇನ್ನೂ ವಿರಳ.

ಬಾರ್ಸು ಕಲಿಸಿದ ಪಾಠ

ನಮ್ಮದೇ ರಾಜ್ಯದ ರತ್ನಾಗಿರಿ ಜಿಲ್ಲೆಯಲ್ಲಿ ಈ ವಿವಾದ ಬೀದಿಗೆ ಬಂದುದನ್ನು ಓದುಗರು ನೆನೆಯಬಹುದು. ಮೂರು ಲಕ್ಷ ಕೋಟಿ ರೂಪಾಯಿಯ, ವರ್ಷಕ್ಕೆ 6 ಕೋಟಿ ಟನ್ ಸಾಮರ್ಥ್ಯದ ಶುದ್ಧೀಕರಣಾಗಾರವನ್ನು ಮೊದಲು ನಾಣಾರದಲ್ಲಿ ಯೋಜಿಸಲಾಯಿತು. ಮಾವಿನ ತೋಟ ಮತ್ತು ಮೀನುಗಾರಿಕೆಗೆ ಧಕ್ಕೆಯೆಂಬ ವಿರೋಧದಿಂದ 2019ರಲ್ಲಿ ಅಲ್ಲಿನ ಭೂಸ್ವಾಧೀನ ಕೈಬಿಡಲಾಯಿತು. ಮುಂದೆ ಬಾರ್ಸು ಪರಿಸರವನ್ನು ಆರಿಸಿದಾಗ, 2023ರ ಏಪ್ರಿಲ್‌ನಲ್ಲಿ ಮಣ್ಣು ಪರೀಕ್ಷೆಗೆ ಬಂದ ವಾಹನಗಳ ಮುಂದೆ ಗ್ರಾಮದ ಹೆಂಗಸರು ಮಲಗಿದರು. ಉದ್ಯೋಗ ಬೇಕೆನ್ನುವ ಯುವಕರೂ ಅದೇ ಜಿಲ್ಲೆಯವರು. ಅವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಘಟ್ಟದ ಮೇಲಿನವರಾದ ನಾವು ಯೋಜನೆ ಬೇಗ ಆಗಲಿ ಎನ್ನುವುದು ಸುಲಭ, ಬೇಡವೇ ಬೇಡ ಎನ್ನುವುದೂ ಸುಲಭ. ಎರಡರಲ್ಲಿಯೂ ನಮ್ಮ ಮನೆಯಂಗಳ ಕಳೆದುಕೊಳ್ಳುವುದೇನೂ ಇಲ್ಲ.

ಆದರೆ ಪುಣೆಯಿಂದ ಪಾಕಣಿಯವರೆಗೆ ಕೊಳವೆ ಹಾದ ಹೊಲಗಳ ರೈತರಿಗೆ ಇದರ ಒಂದು ಅಂಶ ಗೊತ್ತಿದೆ. 1962ರ ಕೊಳವೆ ಮಾರ್ಗ ಕಾಯಿದೆಯ ಪ್ರಕಾರ ಭೂಮಿ ರೈತನದಾಗಿಯೇ ಉಳಿಯುತ್ತದೆ. ಕೊಳವೆಯ ಪಟ್ಟಿಯಲ್ಲಿ ಅವನು ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಎಲ್ಲರ ಅನುಕೂಲಕ್ಕೆ ಕೆಲವರು ಹೊರುವ ಭಾರವೆಂದರೆ ಇದು. ಕರಾವಳಿಯವರು ಹೊರುವುದು ಇದಕ್ಕಿಂತ ದೊಡ್ಡ ಭಾರ.

ತಿಳಿಯುವ ಭಾಷೆಯಲ್ಲಿ ಎಚ್ಚರಿಕೆ

ಭಾಷಾ ಅಲ್ಪಸಂಖ್ಯಾತರಾದ ನಮಗೆ ಇನ್ನೊಂದು ಮಾತು ಸಹಜವಾಗಿಯೇ ಹೊಳೆಯುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ದೊಡ್ಡ ಯೋಜನೆಯ ವರದಿಯ ಸಾರಾಂಶವನ್ನು ಇಂಗ್ಲಿಷಿನೊಂದಿಗೆ ರಾಜ್ಯದ ಅಧಿಕೃತ ಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕು. ರಾಜ್ಯದ ಭಾಷೆ ಒಂದು, ಊರಿನ ಮಾತು ಇನ್ನೊಂದು ಆಗಿರುವ ಗಡಿಭಾಗದಲ್ಲಿ ಈ 'ಅಥವಾ' ಎಂಬ ಪದದಲ್ಲಿಯೇ ಜನ ಬಿಟ್ಟುಹೋಗುತ್ತಾರೆ. 2020ರ ಹೊಸ ಕರಡು ಅಧಿಸೂಚನೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಿಗೆ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ ಹೇಳಿತು. ಕನ್ನಡದಲ್ಲಿ ಪ್ರಚಾರವಾಗಿಲ್ಲವೆಂಬ ಆಕ್ಷೇಪದ ಮೇಲೆ ಕರ್ನಾಟಕ ಹೈಕೋರ್ಟ್ ಅದೇ ವರ್ಷದ ಆಗಸ್ಟ್‌ನಲ್ಲಿ ಅಂತಿಮ ಪ್ರಕಟಣೆಗೆ ತಾತ್ಕಾಲಿಕ ತಡೆ ನೀಡಿತು. ತಿಳಿಯದ ಭಾಷೆಯಲ್ಲಿ ಕೇಳಿದ ಅಭಿಪ್ರಾಯ ಅಭಿಪ್ರಾಯವೇ ಅಲ್ಲವೆಂಬ ತತ್ತ್ವ ಅಲ್ಲಿ ಬಲಪಡೆಯಿತು.

ಮಂಜೇಶ್ವರ, ಕುಂಬಳೆ ಕರಾವಳಿಯ ಕನ್ನಡ, ತುಳು ಮಾತಿನ ಜನರಿಗೂ ಇದು ಅನ್ವಯಿಸುತ್ತದೆ. ದಡಕ್ಕೆ ಬಂದ ಕಂಟೇನರನ್ನು ಮುಟ್ಟಬೇಡಿ, ಎಣ್ಣೆ ಕಂಡರೆ ಈ ಸಂಖ್ಯೆಗೆ ತಿಳಿಸಿ ಎಂಬ ಎಚ್ಚರಿಕೆ ಕೇಳುವವನ ಭಾಷೆಯಲ್ಲಿದ್ದರೆ ಮಾತ್ರ ಎಚ್ಚರಿಕೆ. ಸಂವಿಧಾನದ 350ನೇ ವಿಧಿ ಕುಂದುಕೊರತೆಗಳ ಮನವಿಯನ್ನು ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. ಈ ಹಕ್ಕನ್ನು ಶಾಲೆ, ನೇಮಕಾತಿಗಳ ವಿಷಯದಲ್ಲಿ ನಾವು ಬಳಸುತ್ತೇವೆ. ನೀರು, ನೆಲ, ಕೊಳವೆಗಳ ವಿಷಯದಲ್ಲಿಯೂ ಬಳಸಬಹುದು.

ನಮ್ಮ ನಿಲುವು

ತೈಲದ ಹಡಗು ಬೇಡವೆಂದು ನಾವು ಹೇಳುವುದಿಲ್ಲ. ಹಾಗೆ ಹೇಳುವವರು ನಾಳೆ ಬೆಳಿಗ್ಗೆ ಬಸ್ಸು ಹತ್ತಬಾರದು. ಆದರೆ ಅಗ್ಗದ ಸಾಗಣೆ ಎಂಬ ಮಾತಿನಲ್ಲಿ ಅಗ್ಗವಾದದ್ದು ಯಾರ ಖರ್ಚಿನಲ್ಲಿ ಎಂದು ಕೇಳುವುದು ನ್ಯಾಯ. ರಾಷ್ಟ್ರೀಯ ತೈಲ ಸೋರಿಕೆ ನಿರ್ವಹಣಾ ಯೋಜನೆಯಂತೆ 700 ಟನ್‌ವರೆಗಿನ ಸೋರಿಕೆಯನ್ನು ಎದುರಿಸಲು ಬಂದರುಗಳೇ ಸಜ್ಜಾಗಿರಬೇಕು, ಅದಕ್ಕೆ ಮೀರಿದರೆ ಕರಾವಳಿ ರಕ್ಷಣಾ ಪಡೆ ಮುಂದೆ ಬರುತ್ತದೆ. ಆ ಸಜ್ಜಿನ ಸ್ಥಿತಿಯನ್ನು ಪ್ರತಿ ಮುಂಗಾರಿಗೆ ಮೊದಲು ಸಾರ್ವಜನಿಕವಾಗಿ ಪರೀಕ್ಷಿಸಬೇಕು. ಹಳೆಯ ಹಡಗುಗಳಿಗೆ ಮಳೆಗಾಲದಲ್ಲಿ ಕಠಿಣ ತಪಾಸಣೆ ಇರಬೇಕು. ಸರಕು ಹಡಗಿನ ಇಂಧನ ಸೋರಿಕೆಗೂ ಎರಡನೆಯ ಹಂತದ ನಿಧಿಯೊಂದು ಬೇಕು. ನ್ಯಾಯಾಲಯದ ತೀರ್ಪಿಗೆ ಕಾಯದೆ ಮೀನುಗಾರನ ದಿನಗೂಲಿ ಅದರಿಂದ ಸಲ್ಲಬೇಕು.

ಇದಕ್ಕೆಲ್ಲ ಹಣ ಎಲ್ಲಿಂದ ಎಂದರೆ, ಒಂದು ಪಾಲು ನಮ್ಮಿಂದಲೇ. ಲೀಟರಿಗೆ ಕೆಲವು ಪೈಸೆ ಹೆಚ್ಚಾದರೆ ನಾವು ಗೊಣಗುತ್ತೇವೆ, ಅದು ಸಹಜ. ಆದರೆ ಆ ಪೈಸೆಯನ್ನು ನಾವು ಕೊಡದಿದ್ದರೆ ಉಳ್ಳಾಲದಲ್ಲೋ, ಅಲಿಬಾಗದಲ್ಲೋ, ಕೊಲ್ಲಂನಲ್ಲೋ ಒಬ್ಬ ಮೀನುಗಾರ ಅದನ್ನು ತನ್ನ ಒಂದು ಋತುವಿನ ದುಡಿಮೆಯಿಂದ ಕೊಡುತ್ತಾನೆ. ಪಾಕಣಿಯಿಂದ ಹೊರಟ ಟ್ಯಾಂಕರ್ ಲಾರಿ ಅಕ್ಕಲಕೋಟೆಯ ರಸ್ತೆಯಲ್ಲಿ ನಮ್ಮನ್ನು ದಾಟಿ ಹೋಗುವಾಗ ಈ ಲೆಕ್ಕ ನಮ್ಮ ನೆನಪಿನಲ್ಲಿರಲಿ.